ಬೆನ್ನುಡಿ ಮಾಮನ ನಿವೃತ್ತ ಶಿಕ್ಷಕ

ಮುದ್ರಣಾಲಯದ ಮಹಡಿಯ ಮೇಲಿದ್ದ ಆ ಪ್ರಕಾಶನದ ಕಚೇರಿಯಲ್ಲಿ ಬೆನ್ನುಡಿ ಮಾಮನಿಗೆ ಸಂಬಳ ಸಿಗುತ್ತಿದ್ದದ್ದು ಪುಸ್ತಕದ ಕಟ್ಟು ಕಟ್ಟುವುದಕ್ಕೆ. ಹೆಸರು ಬಂದದ್ದು ಮಾತ್ರ ಬೇರೆ ಕೆಲಸದಿಂದ. ಯಾವ ಪುಸ್ತಕವೇ ಆಗಲಿ, ಅದರ ಬೆನ್ನಿಗೆ ‘ಓದುಗರ ಅಭಿಪ್ರಾಯ’ ಇರಲೇಬೇಕು ಎಂಬುದು ಯಜಮಾನರ ಅಪ್ಪಣೆ. ಪುಸ್ತಕವೇ ಇನ್ನೂ ಅಚ್ಚಾಗಿಲ್ಲ, ಓದುಗರು ಎಲ್ಲಿಂದ ಬರಬೇಕು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹಾಗಾಗಿ ಓದುಗರನ್ನೆಲ್ಲ ಮಾಮನೇ ಹೆರುತ್ತಿದ್ದ. ‘ಒಬ್ಬ ತಾಯಿ’, ‘ಪುಟಾಣಿ ಓದುಗ’, ‘ನಿವೃತ್ತ ಶಿಕ್ಷಕ’. ಬೇನೆ ಗೀನೆ ಏನೂ ಇಲ್ಲ. ಚಹಾ ಆರುವುದರೊಳಗೆ ಮೂವರೂ ಕಣ್ಣುಬಿಟ್ಟಿರುತ್ತಿದ್ದರು.

ಪುಸ್ತಕ ಓದುವ ಕೆಟ್ಟ ಚಾಳಿ ಅವನಿಗಿರಲಿಲ್ಲ. ಓದಿದರೆ ಅಭಿಪ್ರಾಯ ಕೆಟ್ಟುಹೋಗುತ್ತದೆ ಎಂದೇ ಅವನ ಸಿದ್ಧಾಂತ. ಮುಖಪುಟದ ಚಿತ್ರ ನೋಡುತ್ತಿದ್ದ, ತಲೆ ಕೆರೆಯುತ್ತಿದ್ದ, ಬರೆಯುತ್ತಿದ್ದ. ತಾಯಿ ಯಾವಾಗಲೂ ಹೊಗಳುತ್ತಿದ್ದಳು, ಪುಟಾಣಿ ಯಾವಾಗಲೂ ಕುಣಿಯುತ್ತಿದ್ದ. ಆದರೆ ಬರೀ ಹೊಗಳಿಕೆಯನ್ನು ಯಾರು ನಂಬುತ್ತಾರೆ? ಅದಕ್ಕೇ ನಿವೃತ್ತ ಶಿಕ್ಷಕ. ಮೊಸರಲ್ಲಿ ಕಲ್ಲು ಹುಡುಕುವುದು ಅವರ ಪಾಲಿನ ಕೆಲಸ. “ಒಂದು ಸಣ್ಣ ಕೊರತೆ ಇಟ್ಟರೇನೇ ಅಭಿಪ್ರಾಯಕ್ಕೆ ಜೀವ” ಎಂದು ಮಾಮ ಕೆಳಗಿನ ಅಚ್ಚಿನವರಿಗೆ ಪಾಠ ಹೇಳುತ್ತಿದ್ದ. ಅವರು ತಲೆಯಾಡಿಸುತ್ತಿದ್ದರು. ಯಂತ್ರದ ಸದ್ದಿಗೆ ಅವರಿಗೆ ಏನೂ ಕೇಳಿಸುತ್ತಿರಲಿಲ್ಲ, ಅದು ಬೇರೆ ಮಾತು.

ಮಕ್ಕಳಿಗಾಗಿ ಬರೆಯುವ ಒಬ್ಬ ಲೇಖಕಿ ಆ ಕಚೇರಿಗೆ ಬರುತ್ತಿದ್ದರು. ಟೆಲಿಫೋನ್ ಇಲಾಖೆಯಲ್ಲಿ ದುಡಿದು ಮನೆಯಲ್ಲಿ ಕೂತಿದ್ದ, ಒಳ್ಳೆಯ ಮನಸ್ಸಿನ ಹೆಂಗಸು. ಅವರ ಮೊದಲ ಪುಸ್ತಕದಲ್ಲಿ ಒಂದು ಮನೆಗೆ ನೆಗಡಿಯಾಗುತ್ತದೆ. ಮನೆ ಸೀನಿದಾಗಲೆಲ್ಲ ಒಳಗಿದ್ದವರು ಹಾರಿ ಪಕ್ಕದವರ ಮಾಳಿಗೆಯ ಮೇಲೆ ಬೀಳುತ್ತಾರೆ. ಒಮ್ಮೆ ಬಾಡಿಗೆ ಕೇಳಲು ಬಂದ ಮಾಲೀಕರು ಊರಾಚೆ ಬೀಳುತ್ತಾರೆ. ಮಾಮ ಚಿತ್ರ ನೋಡಿ ನಿವೃತ್ತ ಶಿಕ್ಷಕರಿಂದ ಬರೆಸಿದ: “ಹಾಸ್ಯ ಚೆನ್ನಾಗಿದೆ, ಆದರೆ ಸ್ವಲ್ಪ ಅತಿಯಾಯಿತು. ಶುಚಿತ್ವದ ಬಗ್ಗೆ ನಾಲ್ಕು ಮಾತು ಇದ್ದಿದ್ದರೆ ಚೆನ್ನಾಗಿರುತ್ತಿತ್ತು.”

ಹಸ್ತಪ್ರತಿಯನ್ನು ಮೊದಲೇ ನಾಲ್ಕು ಜನರಿಂದ ಓದಿಸುತ್ತೇವೆ ಎಂದು ಯಜಮಾನರು ಹೇಳಿದ್ದನ್ನು ಲೇಖಕಿ ನಂಬಿದ್ದರು. ಹೊಗಳಿದ ತಾಯಿ ಅವರ ಕಣ್ಣಿಗೇ ಬೀಳಲಿಲ್ಲ. ಶಿಕ್ಷಕರ ಮಾತು ಎದೆಯಲ್ಲಿ ಕೂತಿತು. ಎರಡನೇ ಪುಸ್ತಕದಲ್ಲಿ ಮನೆ ಬಾಗಿಲಿಗೆ ಕರವಸ್ತ್ರ ಅಡ್ಡ ಹಿಡಿದು ಸೀನಿತು. ‘ಇನ್ನೂ ಸ್ವಲ್ಪ ಗಾಂಭೀರ್ಯ ಬೇಕು’ ಎಂದರು ಶಿಕ್ಷಕರು. ಮೂರನೆಯದರಲ್ಲಿ ಮನೆ ಸೀನುವ ಮೊದಲು ಎಲ್ಲರ ಕ್ಷಮೆ ಕೇಳಿತು. ನಾಲ್ಕನೆಯದರಲ್ಲಿ ಸೀನಲೇ ಇಲ್ಲ. ಕೈ ತೊಳೆಯುವುದರ ಮಹತ್ವದ ಬಗ್ಗೆ ಭಾಷಣ ಮಾಡಿತು.

ಇದೆಲ್ಲ ಮಾಮನಿಗೆ ಹೇಗೆ ಗೊತ್ತಾಗಬೇಕು? ಗೊತ್ತಾದದ್ದು ಮೊಮ್ಮಗಳಿಂದ. ಮೊದಲ ಪುಸ್ತಕ ಓದಿ ನೆಲದ ಮೇಲೆ ಹೊರಳಾಡಿ ನಕ್ಕಿದ್ದ ಹುಡುಗಿ, ನಾಲ್ಕನೆಯದನ್ನು ಮುಚ್ಚಿಟ್ಟು ಬಂದು ಕೇಳಿದಳು.

“ತಾತ, ಈ ಮನೆ ಯಾಕೆ ಸೀನೋದೇ ಬಿಟ್ಟಿದೆ?”

“ನೆಗಡಿ ವಾಸಿ ಆಗಿರಬೇಕು.”

“ನೆಗಡಿ ವಾಸಿ ಆದ್ರೆ ಕಥೆ ಎಲ್ಲಿರುತ್ತೆ?” ಎಂದವಳ ಕಣ್ಣಲ್ಲಿ ನೀರಿತ್ತು. “ಆ ಅಜ್ಜಿಗೆ ಮತ್ತೆ ಮೊದಲಿನ ಹಾಗೆ ಬರೆಯೋಕೆ ಹೇಳು ತಾತ. ನೀನು ಅಲ್ಲೇ ಕೆಲಸ ಮಾಡ್ತೀಯಲ್ಲ?”

ಮರುದಿನ ಮಾಮ ತನ್ನ ಜೀವಮಾನದಲ್ಲಿ ಮಾಡದ ಕೆಲಸ ಮಾಡಿದ. ಕಟ್ಟು ಕಟ್ಟುವ ಮೇಜಿನ ಮೇಲೆ ಅಂಟು, ದಾರ, ಕತ್ತರಿ ಎಲ್ಲವನ್ನೂ ಪಕ್ಕಕ್ಕೆ ಸರಿಸಿ ಮೊದಲ ಪುಸ್ತಕ ಓದಿದ. ಮಾಲೀಕರು ಊರಾಚೆ ಬಿದ್ದ ಪುಟದಲ್ಲಿ ನಕ್ಕು ನಕ್ಕು ಕೆಮ್ಮು ಬಂತು, ಯಜಮಾನರು ಒಳಗಿನಿಂದ ನೀರು ಕುಡಿ ಎಂದು ಕೂಗಿದರು. ಮುಂದಿನ ಮೂರನ್ನೂ ಓದಿದ. ಅವುಗಳಲ್ಲಿ ಅವನಿಗೆ ಗುರುತು ಸಿಕ್ಕಿದ್ದು ಒಬ್ಬನದೇ, ತನ್ನ ನಿವೃತ್ತ ಶಿಕ್ಷಕನದು. ಪುಟಪುಟದಲ್ಲೂ ಕೋಲು ಹಿಡಿದು ನಿಂತಿದ್ದ. ಬೆನ್ನಿಗಿದ್ದವನು ಹೊಟ್ಟೆಗೇ ಹೊಕ್ಕಿದ್ದ. ಮಾಮನಿಗೆ ನಾಚಿಕೆಯಾಯಿತು, ತನ್ನ ಮೇಲೆ ಸಿಟ್ಟೂ ಬಂತು.

ಐದನೇ ಪುಸ್ತಕದ ಬೆನ್ನುಡಿಗೆ ಅವನು ನಿವೃತ್ತ ಶಿಕ್ಷಕರಿಂದಲೇ ಹೀಗೆ ಬರೆಸಿದ: “ನಾನು ಹೇಳಿದ್ದೆಲ್ಲ ತಪ್ಪು. ಆ ಮನೆ ಮತ್ತೆ ಸೀನಬೇಕು. ಎಷ್ಟು ಜೋರಾಗಿ ಸೀನಿದರೂ ಅತಿಯಾಗುವುದಿಲ್ಲ.” ಓದಿ, ಅರ್ಥ ಮಾಡಿಕೊಂಡು, ಮನಸ್ಸಿನಿಂದ ಬರೆದ ಮೊದಲ ಅಭಿಪ್ರಾಯ ಅದು. ಮುಖಪುಟ ನೋಡಲು ಬಂದ ಲೇಖಕಿಯ ಕೈಗೆ ತಾನೇ ಕೊಟ್ಟ.

ಅವರು ಎರಡು ಸಲ ಓದಿ ಹಾಳೆಯನ್ನು ಮೇಜಿನ ಮೇಲಿಟ್ಟರು. “ಇದು ಸುಳ್ಳು” ಎಂದರು. “ಮೇಷ್ಟ್ರು ಹೀಗೆ ಬರೆಯೋರೇ ಅಲ್ಲ. ನಾನು ಬೇಜಾರಾಗಿದ್ದೀನಿ ಅಂತ ಯಾರೋ ಸಮಾಧಾನಕ್ಕೆ ಬರೆದಿದ್ದಾರೆ. ಇಷ್ಟೂ ಗೊತ್ತಾಗಲ್ವಾ ನನಗೆ?”

ಮಾಮ ಬೆವರು ಒರೆಸಿಕೊಂಡ. “ಅಮ್ಮ, ಆ ಮೇಷ್ಟ್ರು ನಾನೇ. ಮೊದಲಿಂದಾನೂ ನಾನೇ.”

ಲೇಖಕಿ ಅವನ ಮುಖ ನೋಡಿದರು, ಮೇಜಿನ ಮೇಲಿನ ದಾರದ ಉಂಡೆ ನೋಡಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. “ಏನ್ರೀ ಮಾಮ! ನೀವು ಒಂದು ಪುಸ್ತಕ ಓದಿದ್ದನ್ನೂ ನಾನು ಕಂಡಿಲ್ಲ. ಓದದೇ ಇರೋರು ಅಭಿಪ್ರಾಯ ಬರೆಯೋಕಾಗುತ್ತಾ? ನಿಮಗೆ ಇಷ್ಟು ಚೆನ್ನಾಗಿ ತಮಾಷೆ ಬರುತ್ತೆ ಅಂತ ಗೊತ್ತೇ ಇರಲಿಲ್ಲ!”

“ಮಾಮ, ಸಾಕು ನಿನ್ನ ಹುಡುಗಾಟ, ಕಟ್ಟು ಕಟ್ಟು” ಎಂದರು ಯಜಮಾನರು ಒಳಗಿನಿಂದ. ಆಮೇಲೆ ಹೊರಗೆ ಬಂದು ಆ ಹಾಳೆಯನ್ನು ಮಡಚಿ ತಮ್ಮ ಜೇಬಿಗೆ ಹಾಕಿಕೊಂಡರು.

ಐದನೇ ಪುಸ್ತಕ ಬಂತು. ಮನೆ ಅದರಲ್ಲಿ ಉಸಿರಾಡುವುದಕ್ಕೂ ಅನುಮತಿ ಕೇಳುತ್ತಿತ್ತು. ಒಳಪುಟದಲ್ಲಿ ಅರ್ಪಣೆ: ‘ನನ್ನನ್ನು ತಿದ್ದಿದ ನಿವೃತ್ತ ಶಿಕ್ಷಕರಿಗೆ.’ ಮಾಮ ಒಯ್ದು ಕೊಟ್ಟ ಪ್ರತಿಯಲ್ಲಿ ಮೊಮ್ಮಗಳು ಅಲ್ಲಿಯವರೆಗೆ ಮಾತ್ರ ಓದಿದಳು.

“ಇವರೇನಾ ತಾತ, ಪುಸ್ತಕದ ಬೆನ್ನ ಮೇಲೆ ನಗು ಬೇಡ ಅಂದವರು?”

“ಹೂಂ ಕಂದ. ಪುಸ್ತಕ ಓದದೇನೇ ಅಂದುಬಿಟ್ಟರು.”

“ಆ ಅಜ್ಜಿಗೆ ಯಾರಾದ್ರೂ ನಿಜ ಹೇಳಬಾರದಿತ್ತಾ?”

“ಹೇಳಿದೆ ಕಂದ.”

“ಅದಕ್ಕೆ ಏನಂದ್ರು?”

“ನಕ್ಕುಬಿಟ್ಟರು” ಎಂದ ಮಾಮ.