ಬಿಳಿ ಕಲ್ಲು ಆರಿಸುವವರೆಗೆ

ಹೊನ್ನಾವರದಲ್ಲಿ ನಮ್ಮ ಎದುರುಮನೆಯಲ್ಲಿ ಒಬ್ಬ ನಿವೃತ್ತ ಸರ್ವೆಯರು ಇದ್ದರು. ಏನು ಕೊಳ್ಳುವುದಿದ್ದರೂ ಅಳತೆ ಟೇಪನ್ನು ಅಂಗಿಯ ಜೇಬಿಗೆ ಹಾಕಿಕೊಂಡೇ ಹೊರಡುತ್ತಿದ್ದರು. ಬೆಲೆ ಕೇಳಿದ ಮೇಲೆ, "ಇನ್ನೊಂದು ಕಡೆ ಕೇಳಿ ನೋಡ್ವ" ಎನ್ನುತ್ತಿದ್ದರು.

ಅವರ ಹೆಂಡತಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗುತ್ತ ಬಂದಿತ್ತು. ಅಡುಗೆಕಟ್ಟೆಯ ಕಪ್ಪು ಗ್ರಾನೈಟಿನ ಮೇಲೆ ಸಾಸಿವೆ ಚೆಲ್ಲಿದರೂ ಕಾಣುವುದಿಲ್ಲ, ಬಿಳಿ ಕ್ವಾರ್ಟ್ಜ್ ಕಲ್ಲು ಹಾಕಿಸಿಕೊಡಿ ಎಂದು ಆಕೆ ಕೇಳಿದರು. ಸರ್ವೆಯರು ಅಂದೇ ಹೊರಟರು. ಕುಮಟಾದಲ್ಲಿ ಸಿಕ್ಕ ಕಂಪನಿಯದು ಅಗ್ಗ, ಆದರೆ ತೆಳು. ಭಟ್ಕಳದಲ್ಲಿ ನೋಡಿದ್ದು ದಪ್ಪ, ವಾರಂಟಿಯೂ ಹೆಚ್ಚು, ಚದರಡಿಯ ರೇಟೂ ಹೆಚ್ಚು. ಅಂಗಡಿಗಳಿಂದ ತಂದ ಸ್ಯಾಂಪಲ್ ಚೂರುಗಳಿಗೆ ಅರಿಸಿನ, ನಿಂಬೆರಸ ಹಚ್ಚಿ ಜಗಲಿಯಲ್ಲಿ ಸಾಲಾಗಿ ಇಡುತ್ತಿದ್ದರು. ಕಲೆ ಉಳಿಯಿತೇ ಎಂದು ನನ್ನನ್ನೂ ಕರೆದು ತೋರಿಸುತ್ತಿದ್ದರು.

"ಯಾವ್ದಾದ್ರೂ ಆತು, ಒಂದು ಹಾಕ್ಸಿ" ಎಂದು ಹೆಂಡತಿ ಒಳಗಿನಿಂದ ಹೇಳುತ್ತಿದ್ದರು.

"ಒಂದ್ಸಲ ಹಾಕಿದ್ಮೇಲೆ ಕೀಳುಕೆ ಆಗುದಿಲ್ಲ."

ಹಾಗೆ ಒಂದು ಮಳೆಗಾಲ ಕಳೆಯಿತು. ಕೊನೆಗೆ ಎರಡು ಚೂರು ಉಳಿದವು, ಎರಡೂ ಹಾಲಿನಷ್ಟು ಬಿಳಿ. ಒಂದು ಬೆಳಿಗ್ಗೆ ಹೆಂಡತಿಯನ್ನು ಜಗಲಿಯ ಬಿಸಿಲಿಗೆ ಕರೆದು ಕೂರಿಸಿ, ಅವನ್ನು ಆಕೆಯ ಮಡಿಲಲ್ಲಿಟ್ಟರು. ನಾನೂ ಅಲ್ಲೇ ನಿಂತಿದ್ದೆ. ಆಕೆ ಎರಡರ ಮೇಲೂ ಅಂಗೈ ಸವರಿದರು.

"ಎರಡೂ ನುಣ್ಣಗೇ ಅದೆ. ಬಿಳಿದೇ ಅಲ್ದಾ ತಂದದ್ದು?"

ಸರ್ವೆಯರು ನನ್ನ ಮುಖ ನೋಡಿದರು. "ಹೌದು, ಬಿಳಿದೇ" ಎಂದರು.

ಮರುದಿನವೇ ಭಟ್ಕಳಕ್ಕೆ ಹೋಗಿ ಆರ್ಡರ್ ಕೊಟ್ಟು ಬಂದರು. ಹೊಸ ಕಟ್ಟೆಯ ಮೇಲೆ ಅಡುಗೆ ಮಾಡತೊಡಗಿದವರು ಅವರೇ. ಆಕೆ ಬಾಗಿಲ ಬಳಿ ಕುರ್ಚಿಯಲ್ಲಿ ಕೂತು, ಉಪ್ಪು ಎಷ್ಟು ಹಾಕಬೇಕೆಂದು ಹೇಳುತ್ತಿದ್ದರು.