ನೆಂಟರನ್ನು ಸೋಲಿಸದ ಚೆನ್ನೆಮಣೆ

ಬರವಣಿಗೆಯಲ್ಲಿ ಯಾವುದೇ ಪೂರ್ವಾನುಭವವಿಲ್ಲದ ನಾನು, ಅರವತ್ತರ ದಶಕದ ಕೊನೆಯಲ್ಲಿ ಸಾಗರದ ನನ್ನ ಸೋದರತ್ತೆಯ ಮನೆಯಲ್ಲಿ ಒಂದು ಮಧ್ಯಾಹ್ನ ನಡೆದ ಸಂಗತಿಯನ್ನು ಓದುಗರ ಅವಗಾಹನೆಗೆ ತರಬಯಸುತ್ತೇನೆ. ಒಕ್ಕಣೆಯಲ್ಲಿ ಲೋಪಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರಿಕೆ.

ಆಗ ನಾನು ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ ತೀರ್ಥಹಳ್ಳಿಗೆ ಮರಳಿದ್ದೆ. ಹೊಸನಗರದ ಪ್ರೌಢಶಾಲೆಯೊಂದು ನನಗೆ ಅಧ್ಯಾಪಕಿಯ ಹುದ್ದೆ ನೀಡಲು ಒಪ್ಪಿ, ಸೋಮವಾರದೊಳಗೆ ಉತ್ತರ ಕೇಳಿತ್ತು. ಇತ್ತ ದೂರದ ವಿಶ್ವವಿದ್ಯಾಲಯವೊಂದರಲ್ಲಿ, ಕಂಪ್ಯೂಟರಿಗೆ ಯೋಚಿಸುವುದನ್ನು ಕಲಿಸಲು ಹೊರಟಿದ್ದ ಸಂಶೋಧನಾ ತಂಡದ ಪ್ರೊಫೆಸರರು ನನ್ನನ್ನು ವಿದ್ಯಾರ್ಥಿನಿಯಾಗಿ ಸೇರಿಸಿಕೊಳ್ಳಲು ಸಿದ್ಧರಿದ್ದರು. ಕಂಪ್ಯೂಟರನ್ನು ನಾನು ಕಣ್ಣಾರೆ ಕಂಡವಳಲ್ಲ. ಆದರೆ ಅದಕ್ಕೆ ಅವರು ಕಲಿಸುತ್ತಿರುವುದು ನಮ್ಮ ಚೆನ್ನೆಮಣೆ ಆಟವೆಂದು ತಿಳಿದ ದಿನದಿಂದ ನನಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಹದಿನಾಲ್ಕು ಗುಳಿಗಳ ಮರದ ಮಣೆ, ಹಿಡಿ ಹುಣಸೆಬೀಜ. ಇಷ್ಟನ್ನು ನೋಡಿ ಯಂತ್ರವೊಂದು ಮುಂದಿನ ನಡೆಯನ್ನು ತಾನೇ ಆರಿಸುವುದು ಸಾಧ್ಯವೆಂದು ಅವರು ನಂಬಿದ್ದರು.

ಸದರಿ ಪ್ರೊಫೆಸರರು ತಮ್ಮ ಹಿರಿಯ ವಿದ್ಯಾರ್ಥಿಯೊಡನೆ ನಮ್ಮ ಮೂರೂ ತಾಲ್ಲೂಕುಗಳಲ್ಲಿ ಸಂಚರಿಸಿ, ಆಟದಲ್ಲಿ ಹೆಸರಾದವರ ಮನೆಗಳಿಗೆ ಹೋಗಿ ಆಡಿ, ಪ್ರತಿ ನಡೆಯನ್ನೂ ಬರೆದುಕೊಳ್ಳುತ್ತಿದ್ದರು. ಶನಿವಾರ ಅತ್ತೆಯ ಸರದಿ. ಪ್ರೊಫೆಸರರನ್ನು ಅಳೆದು ನೋಡಲು ನನಗಿದ್ದ ಅವಕಾಶ ಅದೊಂದೇ. ಅಳೆಯುವ ಬಗೆಯನ್ನು ಅತ್ತೆಯೇ ಹೇಳಿಕೊಟ್ಟರು.

"ಹೆಣ್ಣು ಕೊಡಕ್ಕೆ ಮುಂಚೆ ಮನೆ ನೋಡ್ತೀವಲ್ಲ, ಹಂಗೇ ನೋಡು. ಯಜಮಾನ್ರನ್ನ ಕೇಳ್ಬೇಡ, ಅವ್ರ ಸೊಸೇನ ಕೇಳು."

ಸದ್ಯಕ್ಕೆ ಸೊಸೆಯ ಸ್ಥಾನದಲ್ಲಿದ್ದವರು ಆ ಹಿರಿಯ ವಿದ್ಯಾರ್ಥಿ.

ಆಟ ಶುರುವಾಯಿತು. ನಡೆಗಳನ್ನು ಬರೆಯುವ ಕೆಲಸ ನನಗೆ ಸಿಕ್ಕಿತು. ಗುಳಿಯಲ್ಲಿ ನಾಲ್ಕು ಬೀಜ ಕೂಡಿದರೆ ಅದು ಹಸು. ಗುಳಿಯ ಒಡೆಯರು ಎತ್ತಿ ತಮ್ಮ ಗಳಿಕೆಗೆ ಸೇರಿಸಿಕೊಳ್ಳಬೇಕು. ಅತ್ತೆ ತಮ್ಮ ಹಸುವನ್ನು ಎತ್ತದೆ ಬಿಟ್ಟರು. ಕಣ್ಣು ಮಂಜಾಯಿತೇನೋ ಎಂದುಕೊಂಡೆ. ಮತ್ತೊಮ್ಮೆ ಬಿಟ್ಟಾಗ ಅವರ ಮುಖ ನೋಡಿದೆ. ಅವರು ಪ್ರೊಫೆಸರರಿಗೆ ಇನ್ನೊಂದು ಕೋಡುಬಳೆಗೆ ಒತ್ತಾಯಿಸುತ್ತಿದ್ದರು. ಆಗ ನನಗೆ ಅರ್ಥವಾಯಿತು. ಮೊದಲ ಬಾರಿಗೆ ಮನೆಗೆ ಬಂದವರನ್ನು ನಮ್ಮಲ್ಲಿ ಯಾರೂ ಸೋಲಿಸುವುದಿಲ್ಲ. ಪ್ರೊಫೆಸರರಾದರೋ, ಹೋದ ಮನೆಗಳಲ್ಲೆಲ್ಲ ಮೊದಲ ಬಾರಿಯ ನೆಂಟರು.

ಗೆದ್ದ ಪ್ರೊಫೆಸರರು ತಮ್ಮ ಕಾಗದದ ಕಟ್ಟನ್ನು ತಟ್ಟಿ, ಎಲ್ಲ ಊರುಗಳಲ್ಲೂ ಆಟದ ಶೈಲಿ ಒಂದೇ ಆಗಿರುವುದು ತಮಗೆ ಬಹಳ ಸಂತೋಷ ತಂದಿದೆ ಎಂದರು. ಆ ಕಟ್ಟಿನಲ್ಲಿದ್ದುದು ಆಟವಲ್ಲ, ಉಪಚಾರ. ಯಂತ್ರ ಕಲಿಯಲಿದ್ದುದೂ ಅದನ್ನೇ. ಈ ಮಾತನ್ನು ಕೇಳಲಾರದವರಾದರೆ ನನಗೆ ಹೊಸನಗರವೇ ಲೇಸು ಎಂದು ನಿಶ್ಚಯಿಸಿ, ಹೇಳಿಬಿಟ್ಟೆ.

"ಸುಮ್ಗಿರೇ ನೀನು," ಎಂದರು ಅತ್ತೆ. "ಮನೆಗ್ ಬಂದ ನೆಂಟ್ರನ್ನ ಸೋಲ್ಸಿ ಕಳ್ಸದಾ?"

ಬೇರೆ ಸಾಕ್ಷ್ಯ ಬೇಕಾಗಲಿಲ್ಲ. ಹಿರಿಯ ವಿದ್ಯಾರ್ಥಿ ಹೊಟ್ಟೆ ಹಿಡಿದು ನಕ್ಕರು. ಪ್ರೊಫೆಸರರು ಮುಗುಳ್ನಕ್ಕು, ಒಳ್ಳೆಯ ಮಾತು ಹೇಳಿದಿರಿ ಎಂದು ಕಾಫಿ ಮುಗಿಸಿದರು. ನಾನು ಗೆದ್ದೆನೆಂದು ಹಿಗ್ಗಿದೆ.

ಆ ಹಿಗ್ಗು ಹಿತ್ತಿಲಿನವರೆಗೆ ಮಾತ್ರ. ಕೈ ತೊಳೆಯಲು ಬಂದ ಹಿರಿಯ ವಿದ್ಯಾರ್ಥಿಯನ್ನು ಅತ್ತೆ ತಡೆದು, ನಿಮ್ಮ ಮೇಷ್ಟ್ರು ತಪ್ಪನ್ನು ಯಾವಾಗಲೂ ಹೀಗೆಯೇ ಒಪ್ಪಿಕೊಳ್ಳುತ್ತಾರೆಯೇ ಎಂದು ವಿಚಾರಿಸಿದರು.

"ಎಲ್ಲಿ ಒಪ್ತಾರಮ್ಮ. ಜಗಳ ಆಡ್ತಾರೆ. ನನ್ ಜೊತೆ ಒಂದ್ಸಲ ವಾರಗಟ್ಟಲೆ ಆಡಿ, ಆಮೇಲೆ ಅವರೇ ಬಂದು ತಮ್ಮ ಲೆಕ್ಕಾನ ಹೊಡೆದುಹಾಕಿದ್ರು." ಕೈ ಒರೆಸಿಕೊಳ್ಳುತ್ತ ಹೇಳಿದರು: "ನಕ್ಕುಬಿಟ್ರೆ ಕಿವಿಗೆ ಹಾಕ್ಕೊಂಡಿಲ್ಲ ಅಂತಲೇ ಅರ್ಥ."

ಅಂದರೆ ಪ್ರೊಫೆಸರರೂ ನನ್ನ ಮುಂದೆ ಉಪಚಾರಕ್ಕಾಗಿ ಸೋತಿದ್ದರು. ಅವರಿಬ್ಬರನ್ನು ಜಗಲಿಯಿಂದಲೇ ಬೀಳ್ಕೊಟ್ಟೆ.

ಬೀದಿಯ ತಿರುವಿನಲ್ಲಿ ಅವರು ನಿಂತದ್ದು ಕಂಡಿತು. ಏನೋ ಗುಣಿಸುತ್ತಿದ್ದವರಂತೆ ನಿಂತಿದ್ದ ಪ್ರೊಫೆಸರರು ಸರಸರನೆ ಹಿಂತಿರುಗಿ ಬಂದು, ಜಗಲಿ ಹತ್ತಿ, ಕಟ್ಟನ್ನು ನನ್ನ ಮುಂದೆ ಬಿಚ್ಚಿದರು.

"ಒಂದಾಟ ಸುಳ್ಳಾದ್ರೆ ಎಲ್ಲಾನೂ ಸುಳ್ಳು ಅಂತ ಹೇಗೆ ಹೇಳ್ತೀರಿ? ಹೊಸನಗರದಲ್ಲಿ ನನ್ ಜೊತೆ ಆಡಿದ ಯಜಮಾನ್ರು ನನ್ನನ್ನ ಯಾಕೆ ಗೆಲ್ಲಿಸ್ಬೇಕು? ತೋರಿಸಿ."

ತೋರಿಸಿದೆ. ಹೊಸನಗರದ ಆಟದಲ್ಲೂ ಎತ್ತದೆ ಉಳಿದ ಹಸು ಸಿಕ್ಕಿತು. ಅದು ಮರೆವು ಎಂದು ಅವರು, ಅಲ್ಲ ಎಂದು ನಾನು. ಅವರ ದನಿ ಏರಿತು, ನನ್ನದೂ ಏರಿತು. ಅಧ್ಯಾಪಕರೊಬ್ಬರ ಎದುರು ನಾನು ದನಿ ಏರಿಸಿದ್ದು ಅದೇ ಮೊದಲು, ಮತ್ತು ಅಷ್ಟು ಸಂತೋಷ ನನಗೆ ಅದುವರೆಗೆ ಯಾವ ತರಗತಿಯಲ್ಲೂ ಆಗಿರಲಿಲ್ಲವೆಂದು ಈ ಮೂಲಕ ದೃಢೀಕರಿಸುತ್ತೇನೆ.

ಗಲಾಟೆ ಕೇಳಿ ಅತ್ತೆ ಒಳಗಿನಿಂದ ಮಣೆ ತಂದಿಟ್ಟರು.

"ಎರಡ್ನೇ ಸಲ ಬಂದ್ರಲ್ಲ. ಈಗ ಕೂತ್ಕಳಿ."

ಕೆಲವೇ ನಡೆಗಳಲ್ಲಿ ಅತ್ತೆ ಮೊದಲ ಹಸುವನ್ನು ಎತ್ತಿ ಸೆರಗಿಗೆ ಹಾಕಿಕೊಂಡರು. ಪ್ರೊಫೆಸರರು ಮಣೆಯಿಂದ ಕಣ್ಣು ತೆಗೆಯದೆ, ನೋಡ್ತಾ ಕೂತಿದ್ದೀರಲ್ಲ, ಬರೆದುಕೊಳ್ಳಿ ಎಂದು ನನ್ನನ್ನು ಗದರಿದರು. ಹೊಸನಗರದ ಶಾಲೆಗೆ ಕಳುಹಿಸಬೇಕಾದ ವಿಷಾದಪೂರ್ವಕ ಉತ್ತರದ ಒಕ್ಕಣೆಯನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತ, ನಾನು ಬರೆದುಕೊಳ್ಳತೊಡಗಿದೆ.