ಶಾಂತಕುಮಾರಮ್ಮನ ಎಲಡಿಕೆ ಸಂಚಿ

ಕೆ.ಬಿ. ಬಡಾವಣೆಯ ಆ ವೃದ್ಧಾಶ್ರಮದಲ್ಲಿ ಶಾಂತಕುಮಾರಮ್ಮನಷ್ಟು ಮಾತ್ರೆ ನುಂಗುವವರು ಇನ್ನೊಬ್ಬರಿರಲಿಲ್ಲ. ನುಂಗುತ್ತಾರೆಂದು ಎಲ್ಲರೂ ನಂಬಿದ್ದರು, ಅಷ್ಟೇ. ಬಿಪಿಗೆ, ಸಕ್ಕರೆಗೆ, ಮಂಡಿಗೆ, ಮಂಡಿ ಮಾತ್ರೆಯಿಂದ ಉರಿಯುವ ಹೊಟ್ಟೆಗೆ, ಹೊಟ್ಟೆಯ ಮಾತ್ರೆಯಿಂದ ಬರುವ ತಲೆಸುತ್ತಿಗೆ. ಊಟದ ಸಾಲಿನಲ್ಲಿ ಅಂಗೈ ತುಂಬ ಹರಡಿಕೊಂಡು ಕೂತರೆ ಹೊಸ ಬಳೆ ತೋರಿಸುವ ಮದುಮಗಳ ಗತ್ತು.

ಹರಿಹರದಲ್ಲಿ ಸಗಟು ವ್ಯಾಪಾರದ ಮನೆ ಅವರದು. ಬಂದವರು ಎಲೆ ಅಡಿಕೆ ಹಾಕಿಕೊಳ್ಳದೆ ಹೊಸಿಲು ದಾಟುವಂತಿರಲಿಲ್ಲ. ಬೀಗರು ಬೇಕಾದರೆ ಜಗಳವಾಡಿ ಹೋಗಲಿ, ಬಾಯಿ ಮಾತ್ರ ಕೆಂಪಾಗಿರಬೇಕು. ಆ ಬೀಗರ ಕಥೆ ಬೇರೆಯೇ ಇದೆ, ಇರಲಿ. ಆಶ್ರಮಕ್ಕೆ ಬಂದ ಮೇಲೆ ಡಾಕ್ಟರು ಅಡಿಕೆ ಬಿಡಿಸಿದರು. ಖಾಲಿ ಸಂಚಿ ಸೊಂಟದಲ್ಲಿ ಎಷ್ಟು ದಿನ ತೂಗಾಡೀತು? ನರ್ಸ್ ಜೈನಾಬಿ ಅತ್ತ ತಿರುಗಿದ ಕೂಡಲೇ ಮಾತ್ರೆಗಳು ಅದರೊಳಗೆ ಇಳಿಯತೊಡಗಿದವು.

ಪಕ್ಕದ ಮಂಚದ ದ್ಯಾಮವ್ವ ಕಡರನಾಯಕನಹಳ್ಳಿಯವಳು, ಭತ್ತದ ನಾಟಿ ಮಾಡಿ ಬೆನ್ನು ಬಾಗಿದವಳು. ಪಾಪ, ಅವಳಿಗೆ ಇದ್ದದ್ದು ಒಂದೇ ಮಾತ್ರೆ.

"ಒಂದೇನಾ? ನೋಡಿದೋರು ಏನಂದಾರು! ಇಕಾ, ಈ ಹಸಿರುದು ತಗ. ಚಲೋ ಐತೆ."

"ಬ್ಯಾಡ್ರಿ ಅಮ್ಮಾರೆ, ನಿಮಗ ಕಡಿಮಿ ಬಿದ್ದಾವು."

"ಊಟ ಆದಮ್ಯಾಲೆ ಕೊಟ್ಟಿದ್ದು ಬ್ಯಾಡ ಅಂದ್ರೆ ನನ್ನ ಮರ್ಯಾದಿ ಏನಾತು?"

ಆ ಮರ್ಯಾದೆ ಉಳಿಸಲು ದ್ಯಾಮವ್ವ ದಿನವೂ ನುಂಗಿದಳು. ಒಂದು ಶುಕ್ರವಾರ ಒಪ್ಪತ್ತಿದ್ದಳು, ಆವತ್ತೂ ನುಂಗಿದಳು. ಶನಿವಾರ ಬೆಳಿಗ್ಗೆ ಮಂಡಕ್ಕಿ ತಟ್ಟೆಯ ಮುಂದೆ ಬೆವೆತು ಅಡ್ಡಬಿದ್ದಳು.

ಜೈನಾಬಿ ಬೆರಳು ಚುಚ್ಚಿ ನೋಡಿದರೆ ರಕ್ತದಲ್ಲಿ ಸಕ್ಕರೆ ಪಾತಾಳ ಕಂಡಿತ್ತು. ಗ್ಲೂಕೋಸ್ ಏರಿಸಿದರೆ ತುಸು ಏರಿ ಮತ್ತೆ ಇಳಿಯಿತು.

"ಸಕ್ಕರೆ ಕಾಯಿಲೇನೇ ಇಲ್ಲದೋಳಿಗೆ ಇದು ಹೆಂಗಾತು? ಏನು ನುಂಗ್ಯಾಳೆ ಅಂತ ಗೊತ್ತಾಗದಿದ್ರೆ ಉಳಿಸೋದು ಕಷ್ಟ ಐತೆ" ಎಂದರು ಡಾಕ್ಟರು.

ಶಾಂತಕುಮಾರಮ್ಮನ ಕೈ ಸಂಚಿಯ ದಾರ ಹಿಡಿದು ನಿಂತಿತು. ಬಿಚ್ಚಿದರೆ ಮನೆತನದ ಹೆಸರು ಹೋಗುತ್ತದೆ, ಬಿಚ್ಚದಿದ್ದರೆ ದ್ಯಾಮಿ ಹೋಗುತ್ತಾಳೆ. ಇಷ್ಟು ಸಣ್ಣ ಲೆಕ್ಕಕ್ಕೂ ಆ ಹೆಂಗಸಿಗೆ ಒಂದು ಗಳಿಗೆ ಬೇಕಾಯಿತು ನೋಡಿ! ಕೊನೆಗೆ ಸಂಚಿಯನ್ನು ಮಂಚದ ಮೇಲೆ ಬೋರಲು ಹಾಕಿದರು.

"ಅಜ್ಜೀ, ಇದೇನು ಮೆಡಿಕಲ್ ಶಾಪ್ ಇಟ್ಟೀರೇನು?" ಎಂದು ಜೈನಾಬಿ ಕಿರುಚಿದಳು.

"ಬಾಯಿ ಮುಚ್ಚೇ. ದಿನಾ ಈ ಹಸಿರುದು, ನನ್ನ ಸಕ್ಕರಿ ಮಾತ್ರಿ, ಕೊಟ್ಟೀನಿ. ಮೊದಲು ಅಕೀನ ನೋಡ್ರಿ."

ದ್ಯಾಮವ್ವನನ್ನು ದೊಡ್ಡಾಸ್ಪತ್ರೆಗೆ ಸಾಗಿಸಿದರು, ಬದುಕಿಕೊಂಡಳು. ಇತ್ತ ಡಾಕ್ಟರು ಶಾಂತಕುಮಾರಮ್ಮನನ್ನು ಮೇಲಿಂದ ಕೆಳಗೆ ತಪಾಸಣೆ ಮಾಡಿದರು. ತಾವು ಬರೆದದ್ದನ್ನು ತಿಂಗಳುಗಟ್ಟಲೆ ನುಂಗದೆಯೂ ಅಜ್ಜಿ ಗುಂಡುಕಲ್ಲಿನಂತಿದ್ದದ್ದು ಕಂಡು ಅವರಿಗೆ ಕೊಂಚ ಬೇಸರವೇ ಆಯಿತು. ಎರಡು ಮಾತ್ರೆ ಉಳಿಸಿ ಮಿಕ್ಕವನ್ನೆಲ್ಲ ಹೊಡೆದುಹಾಕಿದರು. ಅವೆರಡನ್ನೂ ಜೈನಾಬಿಯ ಎದುರೇ ನುಂಗಿ, ನಾಲಿಗೆ ಎತ್ತಿ ತೋರಿಸಬೇಕು.

ದ್ಯಾಮವ್ವ ಆಸ್ಪತ್ರೆಯಿಂದ ಮರಳಿದಳು. ಆಸ್ಪತ್ರೆ ಕಂಡ ಮೇಲೆ ಕೇಳಬೇಕೆ, ಅಂಗೈ ತುಂಬ ಮಾತ್ರೆ. ಊಟದ ಸಾಲಿನಲ್ಲಿ ಪಕ್ಕಕ್ಕೆ ಬಗ್ಗಿ ನೋಡಿ ಕರಗಿಹೋದಳು.

"ಅಯ್ಯ, ಎರಡೇನಾ ಅಮ್ಮಾರೆ? ನಂದ್ರಾಗ ಒಂದು ತಗಳ್ರಿ."

ಶಾಂತಕುಮಾರಮ್ಮನ ಕೈ ತಾನಾಗಿಯೇ ಚಾಚಿತು. ಅದರ ಮೇಲೆ ಜೈನಾಬಿಯ ಏಟು ಪಟ್ಟನೆ ಬಿತ್ತು.